ಮೀನು ಓಡಿಹೋದ ಸಾರು

ತೆಂಕಣ ಗಾಳಿ ಎಂಟು ದಿನ ಬೀಸಿ, ಒಂಬತ್ತನೆಯ ದಿನ ಬೆಳಗಿನ ಹೊತ್ತಿಗೆ ಯಾರೋ ಕುತ್ತಿಗೆ ಹಿಚುಕಿದ ಹಾಗೆ ನಿಂತುಹೋಯಿತು. ದೊಬ್ರಿಲಾಗೆ ಎಚ್ಚರವಾದದ್ದೇ ಆ ಮೌನಕ್ಕೆ. ಕಿಟಕಿಯ ಬಾಗಿಲು ಬಡಿದುಕೊಳ್ಳುತ್ತಿರಲಿಲ್ಲ. ಗಾಳಿ ನಿಂತರೆ ಅಂಚೆ ದೋಣಿ ಬರುತ್ತದೆ. ಅಂಚೆ ದೋಣಿ ಬಂದರೆ ಕುಜ್ಮಾ ಹೋಗುತ್ತಾನೆ.

“ಹಾಳಾದ್ದೇ, ಇನ್ನೊಂದು ವಾರ ಬೀಸಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಎಂದು ಅವಳು ಕಿಟಕಿಗೆ ಬೈದು ಎದ್ದಳು.

ಅವಳಿದ್ದದ್ದು ಒಂದು ದ್ವೀಪದ ಪುಟ್ಟ ಕೊಲ್ಲಿಯಲ್ಲಿ. ಅದರ ಹೆಸರು ಗ್ಲುಹಾ, ಅಂದರೆ ಕಿವುಡಿ. ಗುಡ್ಡದಾಚೆಯ ಊರಿನಲ್ಲಿ ಇಗರ್ಜಿಯ ಗಂಟೆ ಎಷ್ಟು ಬಡಿದರೂ ಇಲ್ಲಿಗೆ ಕೇಳುವುದಿಲ್ಲ. ಯಾರಾದರೂ ಸತ್ತರೆ ಸುದ್ದಿ ಮೂರು ದಿನ ತಡವಾಗಿ ಬರುತ್ತದೆ, ಅಷ್ಟರಲ್ಲಿ ಅಳುವ ಹೊತ್ತು ಮೀರಿರುತ್ತದೆ. ಆರು ಮನೆ, ಒಂಬತ್ತು ಜನ, ಒಂದು ಕತ್ತೆ. ಭಾನುವಾರದ ಊಟ ಎಲ್ಲರದೂ ದೊಬ್ರಿಲಾಳ ಅಂಗಳದ ಹಿಪ್ಪುನೇರಳೆ ಮರದ ಕೆಳಗೆ, ಯಾಕೆಂದರೆ ದೊಡ್ಡ ತಾಮ್ರದ ಪಾತ್ರೆ ಇರುವುದು ಅವಳ ಮನೆಯಲ್ಲಿ. ನಲವತ್ತೊಂಬತ್ತು ವರ್ಷದ ಈ ಹೆಂಗಸು ಮದುವೆಯಾಗಿರಲಿಲ್ಲ. ಇಪ್ಪತ್ತರಲ್ಲಿ ಒಬ್ಬ ಕೇಳಿದ್ದನಂತೆ. ಅವನು ಕೇಳಿದ ರೀತಿ ಸರಿಯಿಲ್ಲವೆಂದು ಅವನ ಟೋಪಿ ಕಿತ್ತು ಸಮುದ್ರಕ್ಕೆ ಎಸೆದಿದ್ದಳು. ಆಮೇಲೆ ಬೇರೆ ಯಾರೂ ಟೋಪಿ ಹಾಕಿಕೊಂಡು ಬಂದಿರಲಿಲ್ಲ.

ಕುಜ್ಮಾ ಹನ್ನೊಂದು ವರ್ಷದ ಹಿಂದೆ ಒಂದು ಕಲ್ಲುಗೋಡೆ ರಿಪೇರಿ ಮಾಡಲು ಬಂದವನು. ಒಂದು ತಿಂಗಳ ಕೆಲಸ. ಗೋಡೆ ಮುಗಿಯಿತು, ಅವನು ಹೋಗಲಿಲ್ಲ. ದಡದ ತುದಿಯ ಖಾಲಿ ಮನೆ ಸರಿಮಾಡಿಕೊಂಡು ಕೂತ, ಮಿರ್ತಾ ಗಿಡದ ಕಡ್ಡಿಗಳಲ್ಲಿ ದೊಡ್ಡ ಸೀಗಡಿ ಹಿಡಿಯುವ ಬುಟ್ಟಿ ಹೆಣೆಯತೊಡಗಿದ. ದಿನಾ ಮಧ್ಯಾಹ್ನ ದೊಬ್ರಿಲಾಳ ಅಡುಗೆಮನೆಗೆ ಬಂದು ಊಟ ಮಾಡುತ್ತಿದ್ದ, ಬರುವಾಗ ಒಂದು ಹೊರೆ ಸೌದೆ ತರುತ್ತಿದ್ದ. ಐವತ್ತನಾಲ್ಕು ವರ್ಷ, ಎತ್ತಿನಂಥ ಭುಜ, ಮಾತು ಮಾತ್ರ ವರ್ಷಕ್ಕೆ ನಲವತ್ತು. ದೊಬ್ರಿಲಾ ಅವನಿಗೆ ಬೈಯುತ್ತಿದ್ದಳು, ಅವನು ತಿನ್ನುತ್ತಿದ್ದ. ಇಬ್ಬರಿಗೂ ಚೆನ್ನಾಗಿಯೇ ಇತ್ತು.

ಹೀಗಿರುವಾಗ ಕುಜ್ಮಾನ ಅಕ್ಕ ಮಾತಿಯಾ ಆಚೆ ದಡದ ಪಟ್ಟಣದಿಂದ ಬಂದಿಳಿದಳು. ತಮ್ಮನಿಗಾಗಿ ತನ್ನ ಮನೆಯಲ್ಲಿ ಒಂದು ಕೋಣೆ, ಸ್ಪ್ರಿಂಗ್ ಹಾಕಿದ ಮಂಚ, ದೋಣಿ ಶೆಡ್ಡಿನಲ್ಲಿ ಕಾವಲಿನ ಕೆಲಸ, ಎಲ್ಲ ಸಿದ್ಧಮಾಡಿ ಖಾಲಿ ಸೂಟ್‌ಕೇಸ್ ಸಮೇತ ಬಂದಿದ್ದಳು. ಮರುದಿನವೇ ಹೊರಡುವ ಲೆಕ್ಕ. ಗಾಳಿ ಹಿಡಿದುಕೊಂಡಿತು. ಎಂಟು ದಿನ ಆ ಹೆಂಗಸು ಗ್ಲುಹಾದ ಒಂಬತ್ತು ಜನಕ್ಕೂ ಪಟ್ಟಣದಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು ಬರುವ ವಿಷಯ ಹೇಳಿದಳು.

ಮೂರನೆಯ ದಿನ ಕುಜ್ಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಕ್ಕ ಕರೀತಿದ್ದಾಳೆ” ಎಂದಿದ್ದ.

ದೊಬ್ರಿಲಾಗೆ ಗಾಳಿಯಿಂದ ತಲೆನೋವು. “ಕರೆದ್ರೆ ಹೋಗು. ನಿನ್ನ ಕಾಲಿಗೆ ನಾನೇನು ಹಗ್ಗ ಕಟ್ಟಿದೀನಾ?” ಎಂದುಬಿಟ್ಟಳು.

ತೆಂಕಣ ಗಾಳಿಯಲ್ಲಿ ಆಡಿದ ಮಾತಿಗೆ ಬೆಲೆಯಿಲ್ಲ ಎಂದು ಆ ದ್ವೀಪದಲ್ಲಿ ಮಗುವಿಗೂ ಗೊತ್ತು. ಆ ಗಾಳಿಯಲ್ಲಿ ಅಳಿಯನನ್ನು ಮನೆಯಿಂದ ಹೊರಗೆ ಹಾಕಿದವರು ಗಾಳಿ ನಿಂತಮೇಲೆ ಒಳಗೆ ಕರೆದು ಕೂರಿಸುತ್ತಾರೆ. ಆದರೆ ಕುಜ್ಮಾ ಬೇರೆ ಕಡೆಯವನು, ಮಾತನ್ನು ಕಲ್ಲಿನ ಹಾಗೆ ಎತ್ತಿ ಇಟ್ಟುಕೊಳ್ಳುವವನು. ಮರುದಿನ ಬಂದು, ಸಾಲ ತೆಗೆದುಕೊಂಡಿದ್ದ ಬಲೆ ಹೊಲಿಯುವ ಸೂಜಿಯನ್ನೂ ಎಣ್ಣೆಯ ಜಾಡಿಯನ್ನೂ ವಾಪಸು ಇಟ್ಟುಹೋದ. ಅವನು ನಿಜವಾಗಿಯೂ ಹೊರಟಿದ್ದಾನೆ ಎಂದು ದೊಬ್ರಿಲಾಗೆ ಗೊತ್ತಾದದ್ದು ಆ ಸೂಜಿ ನೋಡಿದಾಗ. ಕರೆದು ಹೇಳಬಹುದಿತ್ತು, ಹೋಗಬೇಡ ಅಂತ. ಆದರೆ ಗಾಳಿ ನಿಲ್ಲುವ ತನಕ ಬಾಯಿ ತೆರೆದಾಗಲೆಲ್ಲ ಬೈಗುಳವೇ ಬಂತು. ಬಾಯಿಯ ಅಭ್ಯಾಸ ಅದು, ಏನು ಮಾಡುವುದು.

ಈ ಭಾನುವಾರ ಬೆಳಿಗ್ಗೆ ಅವಳು ಬಾಯಿಯನ್ನು ನಂಬುವುದು ಬಿಟ್ಟಳು. ಕಲ್ಲನ್ನು ನಂಬುವುದೆಂದು ತೀರ್ಮಾನಿಸಿ, ಲಂಗ ಎತ್ತಿಕಟ್ಟಿ ಸಮುದ್ರಕ್ಕೆ ಇಳಿದಳು.

ಗ್ಲುಹಾದಲ್ಲಿ ಮೀನು ಸಿಗದ ದಿನಕ್ಕೂ ಮೀನಿನ ಸಾರಿದೆ. ನೀರಿನ ಅಡಿಯಿಂದ ಪಾಚಿ ಹಿಡಿದ, ಪುಟ್ಟ ಚಿಪ್ಪುಗಳು ಕಚ್ಚಿಕೊಂಡ ಕಲ್ಲುಗಳನ್ನು ಎತ್ತಿ ತಂದು, ಈರುಳ್ಳಿ, ಬೆಳ್ಳುಳ್ಳಿ, ಟೊಮೇಟೊ, ಬಿಳಿ ವೈನಿನ ಜೊತೆ ಕುದಿಸುತ್ತಾರೆ. ಮೇಲೆ ಆಲಿವ್ ಎಣ್ಣೆ, ಕೆಳಗೆ ಒಣಗಿದ ಬ್ರೆಡ್ಡು. ಕಣ್ಣು ಮುಚ್ಚಿ ಕುಡಿದರೆ ಮೀನಿಲ್ಲ ಎಂದು ಯಾವ ಮಗನೂ ಹೇಳಲಾರ. ಮೀನು ಓಡಿಹೋದ ಸಾರು ಎಂದು ಅದರ ಹೆಸರು. ಮೀನು ಓಡಿತು, ಅದು ಕೂತಿದ್ದ ಪೀಠ ಮಾತ್ರ ಸಿಕ್ಕಿತು ಎಂದು ಲೆಕ್ಕ.

ಈ ಸಾರಿಗೆ ಹಿಂದಿನಿಂದ ಬಂದ ಇನ್ನೊಂದು ಕೆಲಸವೂ ಇತ್ತು. ಒಲೆಯ ಯಜಮಾನಿಗೆ ಯಾವನ ಮೇಲಾದರೂ ಮನಸ್ಸಿದ್ದರೆ, ಅವನ ಬಟ್ಟಲಲ್ಲಿ ಬ್ರೆಡ್ಡಿನ ಅಡಿ ಒಂದು ಸಣ್ಣ ಕಲ್ಲು ಇಡುತ್ತಾಳೆ. ಅವನು ಅದನ್ನು ಜೇಬಿಗೆ ಹಾಕಿಕೊಂಡರೆ ಒಪ್ಪಿದ ಹಾಗೆ. ಎದ್ದುಹೋಗಿ ಸಮುದ್ರಕ್ಕೆ ಎಸೆದರೆ ಇಲ್ಲ ಎಂದ ಹಾಗೆ, ಆಮೇಲೆ ಆ ವಿಷಯ ಸಾಯುವವರೆಗೂ ಯಾರೂ ಎತ್ತುವಂತಿಲ್ಲ. ಇಟ್ಟವಳು ಕಲ್ಲಿನ ಬಗ್ಗೆ ಒಂದು ಮಾತೂ ಆಡಬಾರದು. ಆಡಿದರೆ ಅವಳು ಇನ್ನು ಜನ್ಮದಲ್ಲಿ ಯಾರಿಗೂ ಕಲ್ಲು ಇಡುವಂತಿಲ್ಲ. ಕೊನೆಯ ಸಲ ಹಾಗೆ ಕಲ್ಲು ಇಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಇದೆಲ್ಲ ಕೆಲಸವಿಲ್ಲದವರ ಹುಚ್ಚು ಎಂದು ದೊಬ್ರಿಲಾ ಅದನ್ನು ಗೇಲಿ ಮಾಡುತ್ತ ಬಂದವಳು.

“ಏನೇ ಹುಡುಗಿ, ಸೊಂಟದ ತನಕ ಇಳಿದುಬಿಟ್ಟಿದೀಯ?” ಮೆಟ್ಟಿಲ ಮೇಲಿಂದ ಯೆರ್ಕಾ ಮುದುಕಿ ಕೂಗಿದಳು. ಎಂಬತ್ತಮೂರು ವರ್ಷ, ಊರಲ್ಲಿ ಎಲ್ಲರಿಗೂ ಅತ್ತೆ. ಅವಳ ಕಿಟಕಿಯ ದಂಡೆಯ ಮೇಲೆ ಒಂದು ಬೂದು ಕಲ್ಲಿದೆ. ಅವಳ ಗಂಡ ಬದುಕಿದ್ದಷ್ಟು ಕಾಲ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಮೂರು ಷರಾಯಿಯ ಜೇಬು ತೂತು ಮಾಡಿದ್ದ. “ಸಾರಿಗೆ ಕಲ್ಲು ಮೊಣಕಾಲಲ್ಲೇ ಸಿಗುತ್ತಲ್ಲ?”

“ಒಳ್ಳೇ ಕಲ್ಲು ಬೇಕು ಅತ್ತೆ.”

“ಹೋ! ಒಳ್ಳೇ ಕಲ್ಲು ಬೇಕಂತೆ! ಎಲ್ಲಿ, ತೋರಿಸು.”

“ನಿಮಗ್ಯಾಕೆ ತೋರಿಸ್ಲಿ? ಹೋಗಿ ಹಲ್ಲುಜ್ಜಿ.”

“ಹಲ್ಲು ಎಲ್ಲಿದೆ ತಾಯಿ ಉಜ್ಜೋಕೆ?” ಯೆರ್ಕಾ ನಗುತ್ತ ಕೂತಲ್ಲೇ ಕೋಲಿನಿಂದ ಮೆಟ್ಟಿಲು ಕುಟ್ಟಿದಳು. ಮುದುಕಿಗೆ ಎಲ್ಲ ಗೊತ್ತಾಗಿಹೋಗಿತ್ತು.

ಕೊನೆಗೆ ಸಿಕ್ಕಿದ್ದು ಕೋಳಿಮೊಟ್ಟೆಯಷ್ಟು ದೊಡ್ಡ ಕಪ್ಪು ಕಲ್ಲು. ನಡುವೆ ಸೊಂಟಪಟ್ಟಿ ಕಟ್ಟಿದ ಹಾಗೆ ಒಂದು ಬಿಳಿ ಗೆರೆ. ದೊಬ್ರಿಲಾ ಅದನ್ನು ರವಿಕೆಯೊಳಗೆ ಸೇರಿಸಿದಳು. ಐಸಿನಂತೆ ತಣ್ಣಗಿತ್ತು. ಆದರೂ ಮೆಟ್ಟಿಲು ಹತ್ತುವಾಗ ಅವಳಿಗೆ ಕಾರಣವಿಲ್ಲದೆ ನಗು ಬಂತು. ನಗು ತಡೆಯಲು ದಾರಿಯಲ್ಲಿ ಸಿಕ್ಕ ಕತ್ತೆಗೆ ಬೈದಳು.

ಕತ್ತೆಯ ಹೆಸರು ಬಿಷಪ್. ಅದರ ಯಜಮಾನ ಫಾಬ್ಯಾನ್, ಎಪ್ಪತ್ತೊಂದು ವರ್ಷದ ವಿಧುರ. ಹೆಂಡತಿ ಹೋಗಿ ಹನ್ನೆರಡು ವರ್ಷವಾಗಿದ್ದ ಈ ಮನುಷ್ಯನ ಬದುಕಿನಲ್ಲಿ ಒಂದೇ ಒಂದು ದೂರು ಉಳಿದಿತ್ತು, ಅದು ಬಟ್ಟಲಿನದು. ದೊಬ್ರಿಲಾಳ ಮನೆಯಲ್ಲಿ ಪ್ರತಿಯೊಬ್ಬರಿಗೂ ಅವರವರದೇ ಬಟ್ಟಲು. ಫಾಬ್ಯಾನನದು ಕಂದು, ಕುಜ್ಮಾನದು ಅಂಚು ಸ್ವಲ್ಪ ಒಡೆದ ನೀಲಿ. ನೀಲಿಯದರಲ್ಲಿ ಎರಡು ತುತ್ತು ಜಾಸ್ತಿ ಹಿಡಿಯುತ್ತದೆ ಎಂದು ಫಾಬ್ಯಾನ್ ಹನ್ನೊಂದು ವರ್ಷದಿಂದ ವಾದಿಸುತ್ತಿದ್ದ. ಒಂದು ಸಲ ಎರಡಕ್ಕೂ ನೀರು ಹೊಯ್ದು ಅಳೆದು ತೋರಿಸಿಯೂ ಇದ್ದ. “ಇದು ಅನ್ಯಾಯ. ನಾನು ಇಲ್ಲೇ ಹುಟ್ಟಿದವನು” ಎಂದು ಪಾದ್ರಿಯ ಹತ್ತಿರ ಹೇಳಿಕೊಂಡಿದ್ದ. ಪಾದ್ರಿ ತಾಳ್ಮೆಯ ಬಗ್ಗೆ ಮಾತಾಡಿದರಂತೆ. ಅವರ ಊಟದ ಬಟ್ಟಲು ಎಷ್ಟು ದೊಡ್ಡದೆಂದು ಇವನು ಕೇಳಿದನಂತೆ.

ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲರೂ ಮೇಜಿನ ಸುತ್ತ ಸೇರಿದರು. ಮಾತಿಯಾ ಪಟ್ಟಣದ ಬೂಟು ಹಾಕಿ ತಯಾರಾಗಿಯೇ ಬಂದಿದ್ದಳು. ದೋಣಿ ಎರಡು ಗಂಟೆಗೆ ಎಂದು ರೇಡಿಯೋದಲ್ಲಿ ಹೇಳಿದ್ದರು. ಕುಜ್ಮಾ ಹೊಸ ಕೋಟಿನಲ್ಲಿ, ಕಂಬಕ್ಕೆ ಬಟ್ಟೆ ತೊಡಿಸಿದ ಹಾಗೆ ಕೂತಿದ್ದ. ಫಾಬ್ಯಾನ್ ಎಂದಿನಂತೆ ಅವನ ಪಕ್ಕದಲ್ಲಿ.

ದೊಬ್ರಿಲಾ ಒಬ್ಬೊಬ್ಬರ ಬಟ್ಟಲಿಗೂ ಬಡಿಸುತ್ತ ಬಂದಳು. ನೀಲಿ ಬಟ್ಟಲಿನ ಸರದಿ ಬಂದಾಗ ಮೇಜಿಗೆ ಬೆನ್ನು ಹಾಕಿ ನಿಂತಳು. ಕಪ್ಪು ಕಲ್ಲು, ಅದರ ಮೇಲೆ ಎರಡು ಹೋಳು ಬ್ರೆಡ್ಡು, ಅದರ ಮೇಲೆ ಎರಡು ಸೌಟು ಸಾರು. ಕುಜ್ಮಾನ ಮುಂದೆ ಕುಕ್ಕಿದಳು. “ತಿನ್ನು. ನಿಧಾನ ತಿನ್ನು. ಹಸಿದ ತೋಳನ ಹಾಗೆ ನುಂಗಬೇಡ, ಹಲ್ಲಿಗೆ ಏನಾದ್ರೂ ಸಿಕ್ಕೀತು.”

ಯೆರ್ಕಾ ಕೆಮ್ಮಿದಳು.

ಎಣ್ಣೆಯ ಸೀಸೆ ಒಳಗೇ ಉಳಿದಿತ್ತು. ದೊಬ್ರಿಲಾ ಹೋಗಿ ತಂದಳು, ಅಷ್ಟೇ. ಹತ್ತು ಹೆಜ್ಜೆ ಹೋಗಿ ಹತ್ತು ಹೆಜ್ಜೆ ಬರುವಷ್ಟು ಹೊತ್ತು. ಬಂದು ನೋಡಿದರೆ ಕುಜ್ಮಾನ ಮುಂದೆ ಕಂದು ಬಟ್ಟಲು. ನೀಲಿ ಬಟ್ಟಲು ಫಾಬ್ಯಾನನ ಮುಂದೆ, ಅವನ ಚಮಚ ಅದರೊಳಗೆ.

“ಮಾವ! ಅದು ನಿಮ್ಮ ಬಟ್ಟಲಲ್ಲ!”

“ನಾಳೆಯಿಂದ ಇವನು ಇರಲ್ಲ, ಬಟ್ಟಲು ಅನಾಥ ಆಗುತ್ತೆ. ಇವತ್ತಿಂದ್ಲೇ ಅಭ್ಯಾಸ ಮಾಡ್ಕೋತೀನಿ. ಇವನೇನೂ ಬೇಡ ಅನ್ಲಿಲ್ಲ, ಕೇಳು ಬೇಕಾದ್ರೆ.”

“ಅವನು ಯಾವತ್ತು ಏನು ಅಂದಿದಾನೆ? ಕೊಡಿ ಇತ್ಲಾಗೆ!”

“ಎರಡು ತುತ್ತು ಜಾಸ್ತಿ ತಿಂದ್ರೆ ನಿನ್ನ ಮನೆ ಮುಳುಗುತ್ತಾ?” ಫಾಬ್ಯಾನ್ ಬಟ್ಟಲನ್ನು ಎಡಗೈಯಿಂದ ಮಗುವಿನ ಹಾಗೆ ತಬ್ಬಿಕೊಂಡು, ಬಲಗೈಯಲ್ಲಿ ಬಾಚಿ ಬಾಚಿ ತಿನ್ನತೊಡಗಿದ. ದೊಬ್ರಿಲಾ ಮೇಜಿನ ಆ ಕಡೆಯಿಂದ ಬಾಗಿ ಕೈ ಹಾಕಿದಳು. ಅವಳ ಬೆರಳು ಅಂಚಿಗೆ ತಾಗುವ ಹೊತ್ತಿಗೆ ಬಟ್ಟಲಿನ ತಳದಿಂದ ಸದ್ದು ಬಂತು.

ಟಣ್.

ಮೇಜಿನ ಸುತ್ತ ಇದ್ದ ಹತ್ತು ಜನರ ಕಣ್ಣೂ ಬಟ್ಟಲಿಗೆ ತಿರುಗಿತು. ಫಾಬ್ಯಾನ್ ಬ್ರೆಡ್ಡನ್ನು ಸರಿಸಿದ. ಕಲ್ಲನ್ನು ಎತ್ತಿದ. ಬಾಯಿಗೆ ಹಾಕಿ ಸಾರೆಲ್ಲ ಚೀಪಿ ತೆಗೆದು, ಅಂಗಿಗೆ ಒರೆಸಿ, ಬಿಸಿಲಿಗೆ ಹಿಡಿದು ನೋಡಿದ. ಬಿಳಿ ಗೆರೆ ಹೊಳೆಯಿತು. ಅವನ ಮುಖ ಮೊದಲು ಸುಣ್ಣದ ಹಾಗಾಯಿತು, ಆಮೇಲೆ ಕಿವಿಯಿಂದ ಶುರುವಾಗಿ ಕೆಂಪಗಾಗುತ್ತ ಬಂತು. ಅವನು ದೊಬ್ರಿಲಾಳನ್ನು ನೋಡಿದ. ಬಾಗಿ, ಅವನ ಮುಂದಿನ ಬಟ್ಟಲನ್ನು ಹಿಡಿದುಕೊಂಡು, ಬಾಯಿ ಬಿಟ್ಟು ನಿಂತ ದೊಬ್ರಿಲಾಳನ್ನು.

“ನಾನು ಈ ಬಟ್ಟಲು ಎಳ್ಕೋತೀನಿ ಅಂತ ನಿಂಗೆ ಗೊತ್ತಿತ್ತು. ಅದಕ್ಕೇ ನಾಚಿಕೆ ಪಟ್ಟು ಕಿತ್ಕೊಳ್ತಿದ್ದೆ ನೀನು” ಎಂದು ಮೆಲ್ಲಗೆ ಹೇಳಿ ಕಲ್ಲನ್ನು ಜೇಬಿಗೆ ಹಾಕಿಕೊಂಡ.

ಅಂಗಳವೆಲ್ಲ ಗುಲ್ಲೆದ್ದಿತು. ಒಬ್ಬ ಬಟ್ಟಲು ಕುಟ್ಟಿದ, ಒಬ್ಬಳು ವೈನಿನ ಬುಂಡೆ ತರಲು ಓಡಿದಳು. ಕೂಗಿಗೆ ಬೆದರಿ ಬಿಷಪ್ ಗಂಟಲು ಹರಿಯುವಂತೆ ಅರಚಿತು. ಮಾತಿಯಾ ಪಕ್ಕದವಳನ್ನು, “ಏನಾಯ್ತು? ಯಾಕೆ ಕಲ್ಲು ಜೇಬಿಗೆ ಹಾಕ್ಕೊಂಡ್ರು?” ಎಂದು ಕೇಳಿದಳು. ಪಕ್ಕದವಳು ಅವಳ ಕಿವಿಯಲ್ಲಿ ಹೇಳಿದಳು. “ಓ!” ಎಂದು ಮಾತಿಯಾ ಎದ್ದು ಚಪ್ಪಾಳೆ ತಟ್ಟಿದಳು. ಯೆರ್ಕಾ ಒಬ್ಬಳು ಕೋಲಿನ ಮೇಲೆ ಗಲ್ಲ ಊರಿ, ಹೊಟ್ಟೆ ಕುಣಿಯುವಂತೆ ಶಬ್ದವಿಲ್ಲದೆ ನಗುತ್ತಿದ್ದಳು.

ದೊಬ್ರಿಲಾ ಬಾಯಿ ತೆರೆದಳು. ಹೇಳಬೇಕಾದದ್ದು ನಾಲಗೆಯ ತುದಿಯಲ್ಲೇ ಇತ್ತು: ಅಯ್ಯೋ ಮುದಿಯಾ, ಅದು ನಿನಗಲ್ಲ. ಹೇಳಿದರೆ ಕಥೆ ಮುಗಿಯಿತು, ಆಮೇಲೆ ಕುಜ್ಮಾನಿಗೆ ಇಡಲು ಅವಳಿಗೆ ಕಲ್ಲೇ ಇಲ್ಲ. ಬಾಯಿ ಮುಚ್ಚಿದಳು. ನಲವತ್ತೊಂಬತ್ತು ವರ್ಷದಲ್ಲಿ ಅವಳು ಬೈಗುಳವೊಂದನ್ನು ನುಂಗಿದ್ದು ಅದೇ ಮೊದಲು. ಬಿಸಿ ಆಲೂಗಡ್ಡೆ ನುಂಗಿದಂತಾಯಿತು.

ಕುಜ್ಮಾ ನೀಲಿ ಬಟ್ಟಲನ್ನು ಬಹಳ ಹೊತ್ತು ನೋಡಿದ. ಆಮೇಲೆ ದೊಬ್ರಿಲಾಳನ್ನು ನೋಡಿದ. ಅವಳು ಬಾಯಿ ಬಿಡುವಂತಿರಲಿಲ್ಲ. ಅವನು ಎದ್ದು ಫಾಬ್ಯಾನನ ಕೈ ಕುಲುಕಿದ.

“ಒಳ್ಳೇದಾಗ್ಲಿ” ಎಂದು ಹೇಳಿ, ಸೂಟ್‌ಕೇಸ್ ತರಲು ಹೋದ.

ಒಂದೂಮುಕ್ಕಾಲಿಗೆ ದೊಬ್ರಿಲಾ ಫಾಬ್ಯಾನನ ಮನೆಗೆ ಹೋದಳು. ಅವನು ಬಾಗಿಲ ಮುಂದೆ ಕನ್ನಡಿ ನೇತುಹಾಕಿಕೊಂಡು ಗಡ್ಡ ಕೆರೆಯುತ್ತಿದ್ದ. ಮೈಮೇಲೆ ಮದುವೆಯ ಕಪ್ಪು ಕೋಟು, ಮದುವೆಯ ಷರಾಯಿ. ನಲವತ್ತನಾಲ್ಕು ವರ್ಷದ ಹಿಂದಿನವು. ಸೊಂಟದ ಗುಂಡಿ ಹಾಕಲಾಗದೆ ದಾರ ಕಟ್ಟಿದ್ದ.

“ಮಾವ, ಒಂದು ಮಾತು.”

“ಇನ್ನು ಮಾವ ಅನ್ಬೇಡ ಕಣೆ. ಕೇಳಿದೋರು ನಗ್ತಾರೆ. ಫಾಬ್ಯಾನ್ ಅನ್ನು.”

ದೊಬ್ರಿಲಾ ಹಲ್ಲು ಕಚ್ಚಿದಳು. ಕಲ್ಲಿನ ಸುದ್ದಿ ಎತ್ತದೆ, ಅವನೇ ಬೇಸತ್ತು ಎಸೆಯುವ ಹಾಗೆ ಮಾಡಬೇಕು. “ನಾನು ಒಳ್ಳೇ ಹೆಂಗಸಲ್ಲ” ಎಂದಳು.

“ಗೊತ್ತು. ಊರಿಗೇ ಗೊತ್ತು.”

“ಎದ್ದ ಕೂಡ್ಲೇ ಬೈಯೋಕೆ ಶುರು ಮಾಡ್ತೀನಿ. ಯಾರೂ ಇಲ್ದಿದ್ರೆ ಕಿಟಕಿಗೆ ಬೈತೀನಿ.”

“ನನ್ನಾಕೆ ಹೋದ್ಮೇಲೆ ನಂಗೆ ಬೈಯೋರೇ ಇಲ್ಲ. ಹನ್ನೆರಡು ವರ್ಷ! ಬಿಷಪ್ಪಿಗೆ ನಾನು ಬೈತೀನಿ, ಅವನು ತಿರುಗಿ ಬೈಯಲ್ಲ. ಮನೆ ಬಿಕೋ ಅನ್ನುತ್ತೆ.”

“ಸಿಟ್ಟು ಬಂದ್ರೆ ತಟ್ಟೆ ಎಸೀತೀನಿ.”

“ನಮ್ಮನೇಲಿ ಎಲ್ಲಾ ತಗಡಿನ ತಟ್ಟೆ. ಎಸಿ, ಒಡೆಯಲ್ಲ.”

“ಗೊರಕೆ ಹೊಡೀತೀನಿ. ಕಲ್ಲು... ಕಲ್ಲುಗೋಡೆ ಬೀಳೋ ಹಾಗೆ.”

“ನನ್ನ ಎಡಗಿವಿ ಕೇಳಲ್ಲ. ಆ ಕಡೆ ಮಲಕ್ಕೋ.” ಫಾಬ್ಯಾನ್ ಕನ್ನಡಿಯಲ್ಲಿ ಅವಳನ್ನು ನೋಡಿ ಪ್ರೀತಿಯಿಂದ ನಕ್ಕ. “ನೀನು ಎಷ್ಟು ಒಳ್ಳೆಯವಳು ಕಣೆ. ಎಲ್ಲಾ ಮೊದಲೇ ಹೇಳಿಬಿಡ್ತಿದೀಯ. ನನ್ನಾಕೆ ಒಂದೂ ಹೇಳಿರಲಿಲ್ಲ, ಒಂದೊಂದಾಗಿ ನಾನೇ ಕಂಡುಹಿಡಿದೆ.”

ದೊಬ್ರಿಲಾಗೆ ಆಗ ಒಂದು ಗಳಿಗೆ ಪಾಪ ಅನ್ನಿಸಿತು. ಒಂದೇ ಗಳಿಗೆ. ಯಾಕೆಂದರೆ ಅಷ್ಟರಲ್ಲಿ ಕೊಲ್ಲಿಯ ಮೂತಿಯ ಹತ್ತಿರ ದೋಣಿ ಕೂಗಿತು. ಅವಳ ಕಣ್ಣು ಅತ್ತಿತ್ತ ಓಡಿ ಅಂಗಳದ ಗೋಡೆಯ ಮೇಲೆ ನಿಂತಿತು. ಅಲ್ಲಿ ಫಾಬ್ಯಾನನ ದಿನಬಳಕೆಯ ಷರಾಯಿ ಮಡಚಿ ಹಾಕಿತ್ತು. ಈಗ ತಾನೇ ಬಿಚ್ಚಿದ್ದು. ಬಲ ಜೇಬು ಕೋಳಿಮೊಟ್ಟೆ ಇಟ್ಟ ಹಾಗೆ ಉಬ್ಬಿತ್ತು.

ಬುದ್ಧಿ ಯೋಚಿಸುವ ಮೊದಲೇ ಅವಳ ಕೈ ಷರಾಯಿಯನ್ನು ಬಾಚಿತ್ತು.

“ಏಯ್! ಎಲ್ಲಿಗೆ ತಗೊಂಡು ಹೋಗ್ತೀಯ?”

“ಒಗೆಯೋಕೆ!” ಎಂದು ಕೂಗಿ ಅವಳು ಓಡಿದಳು.

ಗ್ಲುಹಾದ ಮೆಟ್ಟಿಲುಗಳು ತೊಂಬತ್ತೆರಡು. ದೊಬ್ರಿಲಾ ಅವನ್ನು ಎರಡೆರಡಾಗಿ ಹಾರಿದಳು. ಹಿಂದೆ ಅರ್ಧ ಗಡ್ಡ ಕೆರೆದ, ಅರ್ಧ ಸೋಪಿನ ನೊರೆಯ ಫಾಬ್ಯಾನ್, ಒಂದು ಕೈಯಲ್ಲಿ ಸೊಂಟದ ದಾರ ಹಿಡಿದುಕೊಂಡು. ಅವನ ಹಿಂದೆ, ಯಜಮಾನ ಎಲ್ಲಿಗೆ ಹೊರಟ ಎಂದು ಬಿಷಪ್. ಮೆಟ್ಟಿಲ ಮೇಲೆ ಕೂತಿದ್ದ ಯೆರ್ಕಾ, “ಓಡು ಹುಡುಗಿ, ಓಡು! ನಿನ್ನಪ್ಪನಾಣೆ ಓಡು!” ಎಂದು ಕೋಲು ಬೀಸಿ ಎದ್ದಳು.

ಕಟ್ಟೆಯ ಬಳಿ ದೋಣಿ ಬಂದು ತಾಗಿತ್ತು, ಬೀಳ್ಕೊಡಲು ಉಳಿದವರೆಲ್ಲ ನೆರೆದಿದ್ದರು. ಮಾತಿಯಾ ಆಗಲೇ ಹತ್ತಿದ್ದಳು. ಸೂಟ್‌ಕೇಸೂ ಹತ್ತಿತ್ತು. ಕುಜ್ಮಾ ಒಂದು ಕಾಲನ್ನು ದೋಣಿಯ ಹಲಗೆಯ ಮೇಲೆ ಇಟ್ಟವನು ಗಲಾಟೆ ಕೇಳಿ ತಿರುಗಿದ.

ದೊಬ್ರಿಲಾ ಕಟ್ಟೆಯ ತುದಿಗೆ ಬಂದು ಉಸಿರೂ ತೆಗೆದುಕೊಳ್ಳದೆ ಷರಾಯಿಯನ್ನು ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಬೀಸಿ ಎಸೆದಳು. ಅದು ಗಾಳಿಯಲ್ಲಿ ಕಾಲು ಅಗಲಿಸಿ ಹಾರಿ, ನೀರಿನ ಮೇಲೆ ಕೂತು ಉಬ್ಬಿತು. ಸೊಂಟದ ಮೇಲಿನ ಭಾಗವಿಲ್ಲದ ಮನುಷ್ಯ ಈಜುತ್ತಿದ್ದ ಹಾಗೆ ಒಂದಿಷ್ಟು ದೂರ ತೇಲಿತು. ಆಮೇಲೆ ಬಲಗಾಲು ಮೊದಲು ಮುಳುಗಿತು.

“ನನ್ನ ಷರಾಯಿ!” ಫಾಬ್ಯಾನ್ ಬಂದು ತಲೆಯ ಮೇಲೆ ಕೈ ಹೊತ್ತ. “ಅದರಲ್ಲಿ ನನ್ನ... ಅಯ್ಯೋ, ನನ್ನ ಕಲ್ಲು!”

“ಹೋಯ್ತು!” ದೊಬ್ರಿಲಾ ಏದುಸಿರಿನಲ್ಲೇ ಕುಣಿದಳು. “ಸಮುದ್ರಕ್ಕೆ ಬಿತ್ತು! ಎಲ್ಲಾ ನೋಡಿದ್ರಲ್ಲ? ಬಿತ್ತು!”

“ಬಿದ್ರೇನು?” ಮೆಟ್ಟಿಲ ಅರ್ಧದಲ್ಲಿ ನಿಂತು ಯೆರ್ಕಾ ತೀರ್ಪು ಕೊಟ್ಟಳು. “ಗಂಡಸು ಕೈಯಾರೆ ಎಸೀಬೇಕು. ಹೆಂಗಸು ಷರಾಯಿ ಎಸೆದ್ರೆ ಅದು ಲೆಕ್ಕಕ್ಕಿಲ್ಲ.”

“ಅತ್ತೆ, ನೀವು ಯಾರ ಕಡೆ?”

“ನಾನು ಪದ್ಧತಿ ಕಡೆ ತಾಯಿ.”

“ಹತ್ತೋರು ಹತ್ತಿ, ನಂಗೆ ಇನ್ನೂ ಎರಡು ಊರಿದೆ” ಎಂದು ದೋಣಿಯ ನಾಯಕ ಗೊಣಗಿದ.

ಕುಜ್ಮಾ ಹತ್ತಲಿಲ್ಲ. ಷರಾಯಿ ಮುಳುಗಿದ ಜಾಗದಲ್ಲಿ ಗುಳ್ಳೆ ಏಳುತ್ತಿದ್ದವು. ಅವನು ಅದನ್ನು ನೋಡಿದ. ದೊಬ್ರಿಲಾಳ ಮುಖ ನೋಡಿದ, ಕೆಂಪಾಗಿ, ಕೂದಲು ಬಿಚ್ಚಿಹೋಗಿ, ಒಂದು ಚಪ್ಪಲಿ ಮೆಟ್ಟಿಲಲ್ಲೇ ಬಿಟ್ಟು ಬಂದವಳ ಮುಖ. ಆಮೇಲೆ ಹೊಸ ಕೋಟು, ಹೊಸ ಬೂಟಿನ ಸಮೇತ ನೀರಿಗೆ ಹಾರಿದ.

“ಕುಜ್ಮಾ! ಆ ಕೋಟು ನೆನೆಸೋ ಹಾಗಿಲ್ಲ ಕಣೋ!” ಮಾತಿಯಾ ಚೀರಿದಳು.

ನೀರು ಮುಚ್ಚಿಕೊಂಡಿತು. ಇಪ್ಪತ್ತು ಎಣಿಸುವಷ್ಟು ಹೊತ್ತು ಆಯಿತು, ಮೂವತ್ತು ಆಯಿತು. ದೊಬ್ರಿಲಾ ಕಟ್ಟೆಯ ಅಂಚಿನಲ್ಲಿ ಮಂಡಿಯೂರಿ, “ಬಾರೋ ಮೇಲೆ, ದಡ್ಡ, ಬಾರೋ” ಎಂದು ನೀರಿಗೆ ಬೈಯುತ್ತಿದ್ದಳು. ಅವಳ ಸ್ವರ ಯಾಕೋ ಬೈಗುಳದ ಹಾಗಿರಲಿಲ್ಲ, ಅವಳಿಗೇ ಕೇಳಿ ಆಶ್ಚರ್ಯವಾಯಿತು.

ಕುಜ್ಮಾ ಮೇಲೆ ಬಂದ. ತಲೆಯ ಮೇಲೆ ಪಾಚಿ, ಕೈಯಲ್ಲಿ ಷರಾಯಿ. ಕಟ್ಟೆ ಹತ್ತಿ ಬಂದು ಅದರ ಜೇಬಿಗೆ ಕೈಹಾಕಿ ಕಪ್ಪು ಕಲ್ಲನ್ನು ತೆಗೆದ. ಷರಾಯಿಯನ್ನು ಚೆನ್ನಾಗಿ ಹಿಂಡಿ, ಮಡಚಿ, ಫಾಬ್ಯಾನನ ಕೈಗೆ ಕೊಟ್ಟ. ಕಲ್ಲು ಅವನ ಅಂಗೈಯಲ್ಲೇ ಉಳಿಯಿತು. ಬಿಳಿ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. ಅವನ ಬೆನ್ನಿಗೆ ಸಮುದ್ರ, ಕೈ ಬೀಸಿದರೆ ಸಾಕು. ದೊಬ್ರಿಲಾ ಕಣ್ಣು ಮುಚ್ಚಿಕೊಂಡಳು.

ನೀರಿನ ಸದ್ದು ಬರಲಿಲ್ಲ. ಬಂದದ್ದು ಫಾಬ್ಯಾನನ ಸದ್ದು. “ಕಳ್ಳ! ಹಗಲು ಕಳ್ಳ! ನನ್ನ ಕಲ್ಲನ್ನ ಅವನ ಜೇಬಿಗೆ ಹಾಕ್ಕೊಂಡ!”

ಅವಳು ಕಣ್ಣು ತೆರೆದಳು. ಕುಜ್ಮಾನ ಕೋಟಿನ ಜೇಬು ಉಬ್ಬಿತ್ತು.

“ನನ್ನ ಬಟ್ಟಲಲ್ಲಿತ್ತು” ಎಂದ ಕುಜ್ಮಾ.

ಆ ವರ್ಷದ ನಲವತ್ತು ಮಾತಿನಲ್ಲಿ ಎರಡನ್ನು ಅವನು ಹಾಗೆ ಖರ್ಚು ಮಾಡಿದ. ಎಲ್ಲರೂ ಯೆರ್ಕಾಳ ಕಡೆ ತಿರುಗಿದರು. ಮುದುಕಿ ಉಳಿದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಬಂದಳು, ಬೇಕೆಂದೇ ನಿಧಾನವಾಗಿ. ಕಟ್ಟೆಯ ಮೇಲೆ ಕೋಲು ಕುಟ್ಟಿದಳು.

“ಸಮುದ್ರದ ತಳದಿಂದ ಎತ್ತಿದ್ದು ಯಾರದು?”

“ಎತ್ತಿದೋನದು” ಎಂದು ನಾಲ್ಕೈದು ಜನ ಒಟ್ಟಿಗೆ ಹೇಳಿದರು. ಅದು ಮೀನುಗಾರರ ಕಾನೂನು. ಲಂಗರಿನಿಂದ ಹಿಡಿದು ಬಲೆಯ ತನಕ ಅದರಲ್ಲಿ ಎರಡು ಮಾತಿಲ್ಲ.

“ಮುಗೀತು ಹಾಗಾದ್ರೆ.”

ಫಾಬ್ಯಾನ್ ಒದ್ದೆ ಷರಾಯಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಗಡ್ಡದ ಮೇಲಿನ ನೊರೆ ಒಣಗುತ್ತಿತ್ತು. ಅವನು ದೊಬ್ರಿಲಾಳನ್ನು ನೋಡಿದ, ಕುಜ್ಮಾನನ್ನು ನೋಡಿದ. ಹನ್ನೊಂದು ವರ್ಷ ಪಕ್ಕದಲ್ಲೇ ಕೂತು ಉಂಡರೂ ಕಾಣದ್ದು ಈಗ ಕಂಡಿತೇನೋ, ಭುಜ ಇಳಿಬಿಟ್ಟ.

“ಅದಕ್ಕೇ ಎರಡು ತುತ್ತು ಜಾಸ್ತಿ ಇತ್ತು” ಎಂದ. ಆಮೇಲೆ ಗಡ್ಡದ ನೊರೆ ಒರೆಸಿಕೊಂಡು, “ಬಟ್ಟಲು ಏನಾಗುತ್ತೆ?”

“ನೀಲಿ ಬಟ್ಟಲು ನಿಮಗೇ ಮಾವ” ಎಂದಳು ದೊಬ್ರಿಲಾ. “ಇನ್ನು ಭಾನುವಾರ ಅಂತ ಕಾಯಬೇಡಿ. ದಿನಾ ಬನ್ನಿ.”

“ಬೈತೀಯ?”

“ಬೈತೀನಿ.”

“ದಿನಾ?”

“ದಿನಾ ಬೈತೀನಿ, ಸಾಯ್ರಿ.”

ಫಾಬ್ಯಾನನ ಮುಖ ಅರಳಿತು. “ಹಾಗಾದ್ರೆ ನಂಗೇನೂ ನಷ್ಟ ಇಲ್ಲ” ಎಂದು ಅವನು ಬಿಷಪ್ಪಿನ ಬೆನ್ನಿನ ಮೇಲೆ ಷರಾಯಿ ಒಣಗಲು ಹಾಕಿದ. ಕಟ್ಟೆಯೆಲ್ಲ ನಕ್ಕಿತು. ದೋಣಿಯ ನಾಯಕ ಇನ್ನು ಕಾಯಲಾರದೆ ಹಗ್ಗ ಬಿಚ್ಚಿಸಿದ.

“ಅಲ್ಲ ಕಣೋ, ನಿನ್ನ ಬಟ್ಟೆ! ಸೂಟ್‌ಕೇಸು!” ದೂರವಾಗುತ್ತಿದ್ದ ದೋಣಿಯಿಂದ ಮಾತಿಯಾ ಕೂಗಿದಳು. “ಸ್ಪ್ರಿಂಗ್ ಮಂಚಕ್ಕೆ ಏನು ಮಾಡ್ಲಿ?”

ಕುಜ್ಮಾ ಕೈ ಬೀಸಿದ. ಅವನ ತೋಳಿನಿಂದ ನೀರು ಮಳೆಯ ಹಾಗೆ ಸುರಿಯಿತು.

ದೊಬ್ರಿಲಾಗೆ ಹೇಳುವುದು ಬೇಕಾದಷ್ಟಿತ್ತು. ಹನ್ನೊಂದು ವರ್ಷದ್ದು ಕೂಡಿಬಿದ್ದಿತ್ತು. ಅವಳು ಸೊಂಟಕ್ಕೆ ಕೈಯಿಟ್ಟು ಅವನ ಮುಂದೆ ನಿಂತಳು.

“ಏನು ನಿಂತಿದೀಯ ನೆನೆದ ಕೋಳಿ ಹಾಗೆ? ತೊಟ್ಟಿರೋದು ಬಿಟ್ರೆ ಬೇರೆ ಬಟ್ಟೆ ಇಲ್ಲ, ಬೂಟು ಹಾಳು, ನಾಳೆ ನೆಗಡಿ ಬಂದ್ರೆ ಯಾರು ನೋಡ್ತಾರೆ, ನಾನೇ ಸಾಯಬೇಕು. ಅಪ್ಪನ ಷರಾಯಿ ಪೆಟ್ಟಿಗೇಲಿದೆ, ಗಿಡ್ಡ ಆಗುತ್ತೆ, ಆಗ್ಲಿ. ನಡಿ. ಸಾರು ಆರಿಹೋಗ್ತಿದೆ.”

ಕುಜ್ಮಾ ನಕ್ಕ. ಅವನು ಹಲ್ಲು ತೋರಿಸಿ ನಕ್ಕದ್ದನ್ನು ಗ್ಲುಹಾ ಅಲ್ಲಿಯತನಕ ನೋಡಿರಲಿಲ್ಲ, ಮುಂದಿನ ಒಂದು ಹಲ್ಲು ಬಂಗಾರದ್ದು ಎಂದು ಅವತ್ತೇ ಗೊತ್ತಾದದ್ದು. ದೊಬ್ರಿಲಾಗೂ ನಗು ಬಂತು. ಈ ಸಲ ಅದನ್ನು ತಡೆಯಲು ಅವಳು ಯಾರಿಗೂ ಬೈಯಲಿಲ್ಲ, ನಕ್ಕುಬಿಟ್ಟಳು.

ಅಂಗಳದಲ್ಲಿ ಫಾಬ್ಯಾನ್ ಆಗಲೇ ನೀಲಿ ಬಟ್ಟಲು ಹಿಡಿದು ಕೂತಿದ್ದ. ಕಂದು ಬಟ್ಟಲು ಗಲಾಟೆಯಲ್ಲಿ ಯಾರದೋ ಕಾಲಿಗೆ ಸಿಕ್ಕಿ ಒಡೆದುಹೋಗಿತ್ತು. ಕುಜ್ಮಾನಿಗೆ ತಾಮ್ರದ ಪಾತ್ರೆಯನ್ನೇ ಮುಂದಿಟ್ಟರು. ಗಿಡ್ಡ ಷರಾಯಿಯಲ್ಲಿ ಮೊಣಕಾಲು ತೋರಿಸಿಕೊಂಡು ಅವನು ಸೌಟಿನಿಂದಲೇ ಸಾರು ಕುಡಿದ. ಪ್ರತಿ ಸೌಟಿಗೂ ಅವನು ಆ ಷರಾಯಿಯ ಜೇಬಿಗೆ ಬದಲಾಯಿಸಿಕೊಂಡಿದ್ದ ಕಲ್ಲು ಬೆಂಚಿಗೆ ಬಡಿದು ಟಕ್ ಎನ್ನುತ್ತಿತ್ತು.

“ನೋಡು, ನೋಡು!” ಫಾಬ್ಯಾನ್ ಚಮಚ ಎತ್ತಿ ಪಾತ್ರೆಯ ಕಡೆ ತೋರಿಸಿದ. “ಈಗ ಇವನದು ನನ್ನದಕ್ಕಿಂತ ಎಷ್ಟು ದೊಡ್ಡದು ನೋಡು! ಇದು ಅನ್ಯಾಯ!”